ಕೋಲಾರ ಸೀಮೆಯ ಮೊದಲ ಅರಸುಮನೆತನಗಳು ಮತ್ತು ನಾಡು

ಕರ್ನಾಟಕದ ದಕ್ಷಿಣ ಭಾಗದಲ್ಲಿ ತಲೆಯೆತ್ತಿದ ಮೊದಲ ದೊಡ್ಡ ರಾಜ್ಯ ಗಂಗರದು, ಅದರ ಮೊದಲ ನೆಲೆ ಕೋಲಾರ. ಕ್ರಿ.ಶ. 350ರ ಸುಮಾರಿಗೆ ಕೊಂಗಣಿವರ್ಮನೆಂಬ ಅರಸು ಕುವಳಾಲಪುರದಲ್ಲಿ ನಿಂತು ಆಳತೊಡಗಿದ. ಕುವಳಾಲವೆಂಬುದು ಕೋಲಾರಕ್ಕೆ ಶಾಸನಗಳಲ್ಲಿರುವ ಹೆಸರು. ಅಲ್ಲಿಂದ ಸುಮಾರು 650 ವರ್ಷಗಳ ಕಾಲ ಗಂಗ, ಬಾಣ, ವೈದುಂಬ, ನೊಳಂಬ ಎಂಬ ನಾಲ್ಕು ಮನೆತನಗಳು ಈ ಸೀಮೆಯನ್ನು ಹಂಚಿಕೊಂಡೂ ಕಿತ್ತಾಡಿಕೊಂಡೂ ಆಳಿದವು. ಕೊನೆಗೆ ಇದು ಚೋಳರ ಕೈಸೇರಿತು. ಮುಳಬಾಗಿಲು ತಾಲ್ಲೂಕಿನ ತಾಯಲೂರು, ಆವಣಿ, ನಂಗಲಿಗಳಿರುವ ಭಾಗ ಮೈಸೂರು ಪ್ರಸ್ಥಭೂಮಿಯ ಪೂರ್ವದ ಅಂಚು. ಕಂಚಿಯಿಂದ ಮೇಲೇರುವ ಸೇನೆಗೂ ಗಂಗರ ನಾಡಾದ ಗಂಗವಾಡಿಯಿಂದ ಕೆಳಗಿಳಿಯುವ ಸೇನೆಗೂ ಇದೇ ದಾರಿ. ಇಲ್ಲಿ ಅಷ್ಟೊಂದು ಅರಸರು ಬಂದುಹೋಗಲು ಈ ನೆಲೆಯೇ ಮುಖ್ಯ ಕಾರಣ.

ಉತ್ತರ ಭಾರತದಲ್ಲಿ ರಾಜ್ಯಗಳು ಮೂಡಿದ್ದು ಇದಕ್ಕಿಂತ ಬಹಳ ಹಿಂದೆ. ಬುದ್ಧನ ಕಾಲಕ್ಕೆ ಅಲ್ಲಿ 16 ಮಹಾಜನಪದಗಳಿದ್ದವೆಂದು ಬೌದ್ಧ ಗ್ರಂಥ ಅಂಗುತ್ತರ ನಿಕಾಯ ಪಟ್ಟಿ ಕೊಡುತ್ತದೆ. ಮಗಧ, ಕೋಸಲ, ವತ್ಸ, ಅವಂತಿಗಳಲ್ಲಿ ವಂಶಪಾರಂಪರ್ಯದ ಅರಸೊತ್ತಿಗೆಯಿತ್ತು. ವೈಶಾಲಿಯ ವಜ್ಜಿ, ಕುಶಿನಾರ ಮತ್ತು ಪಾವಾದ ಮಲ್ಲ ಮುಂತಾದವು ಗಣರಾಜ್ಯಗಳಾಗಿದ್ದವು. ಅಲ್ಲಿ ಅಧಿಕಾರ ಒಬ್ಬ ಅರಸನ ಕೈಯಲ್ಲಿರಲಿಲ್ಲ. ಕ್ಷತ್ರಿಯ ಕುಲಗಳ ಹಿರಿಯರು ಸಂಥಾಗಾರವೆಂಬ ಸಭಾಮಂದಿರದಲ್ಲಿ ಸೇರಿ ತೀರ್ಮಾನ ಮಾಡುತ್ತಿದ್ದರು. ದಾಸರಿಗೂ ಕೂಲಿಕಾರರಿಗೂ ಅಲ್ಲಿ ಮಾತಿರಲಿಲ್ಲ. ಮಗಧದ ಅಜಾತಶತ್ರು ವಜ್ಜಿ ಒಕ್ಕೂಟವನ್ನು ಒಡೆದು ಗೆದ್ದ. 16 ಜನಪದಗಳಲ್ಲಿ ದಕ್ಷಿಣಕ್ಕೆ ಸೇರಿದ್ದು ಗೋದಾವರಿ ದಂಡೆಯ ಅಶ್ಮಕ ಒಂದೇ. ಅದರಾಚೆಯ ಕನ್ನಡ ನೆಲ ಲಿಖಿತ ಚರಿತ್ರೆಗೆ ಬಂದದ್ದು ಕ್ರಿ.ಪೂ. 3ನೇ ಶತಮಾನದಲ್ಲಿ, ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ ಮೊದಲಾದೆಡೆ ಸಿಕ್ಕ ಅಶೋಕನ ಶಾಸನಗಳಿಂದ.

ಉತ್ತರದ ಗಣರಾಜ್ಯಗಳು ಕಣ್ಮರೆಯಾದದ್ದೂ ಕೋಲಾರದಲ್ಲಿ ಗಂಗರು ತಲೆಯೆತ್ತಿದ್ದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಸಮುದ್ರಗುಪ್ತನ ಪ್ರಯಾಗ ಸ್ತಂಭಶಾಸನ ಅವನಿಗೆ ಕಪ್ಪ ಕೊಟ್ಟವರ ಸಾಲಿನಲ್ಲಿ ಮಾಲವ, ಆರ್ಜುನಾಯನ, ಯೌಧೇಯ, ಮದ್ರಕ ಗಣಗಳನ್ನು ಹೆಸರಿಸುತ್ತದೆ. ಅಲ್ಲಿಂದ ಮುಂದೆ ಈ ಗಣಗಳ ಸುದ್ದಿ ವಿರಳ. ಅದೇ ಶಾಸನ ದಕ್ಷಿಣದಲ್ಲಿ ಸೋತ ಅರಸರ ನಡುವೆ ಕಂಚಿಯ ಪಲ್ಲವ ವಿಷ್ಣುಗೋಪನನ್ನು ಸೇರಿಸಿದೆ. ಪಲ್ಲವರ ಬಲ ಕುಗ್ಗಿದ ಈ ಹೊತ್ತಿನಲ್ಲೇ ಬನವಾಸಿಯಲ್ಲಿ ಕದಂಬ ಮಯೂರಶರ್ಮ, ಕೋಲಾರದಲ್ಲಿ ಕೊಂಗಣಿವರ್ಮ ತಮ್ಮ ತಮ್ಮ ರಾಜ್ಯ ಕಟ್ಟಿದರೆಂದು ಇತಿಹಾಸಕಾರರು ವಿವರಿಸುತ್ತಾರೆ.

ಗಂಗರು ತಮ್ಮನ್ನು ಜಾಹ್ನವೇಯ ಕುಲದವರು, ಕಾಣ್ವಾಯನ ಗೋತ್ರದವರು ಎಂದು ಕರೆದುಕೊಂಡರು. ಜೈನಾಚಾರ್ಯ ಸಿಂಹನಂದಿಯ ನೆರವಿನಿಂದ ರಾಜ್ಯ ಸ್ಥಾಪನೆಯಾಯಿತೆಂಬ ಕಥೆ ಇದೆ. ಆದರೆ ಅದನ್ನು ವಿಸ್ತಾರವಾಗಿ ಹೇಳುವುದು ಘಟನೆಯಿಂದ ನೂರಾರು ವರ್ಷಗಳ ನಂತರದ ಶಾಸನಗಳು. ಮೊದಲ ಗಂಗರು ಪೂರ್ಣ ಸ್ವತಂತ್ರರಾಗಿರಲಿಲ್ಲ ಎಂಬುದಕ್ಕೆ ಪೆನುಕೊಂಡೆಯ ತಾಮ್ರಪಟ ಸಾಕ್ಷಿ. ಇಬ್ಬರು ಗಂಗ ಅರಸರಿಗೆ ಪಲ್ಲವ ಸಿಂಹವರ್ಮ ಮತ್ತು ಸ್ಕಂದವರ್ಮರು ಪಟ್ಟಕಟ್ಟಿದ ಸಂಗತಿಯನ್ನು ಅದು ಹೇಳುತ್ತದೆ. ಬಾಣರನ್ನು ಹದ್ದಿನಲ್ಲಿಡಲು ಪಲ್ಲವರಿಗೆ ಈ ಗಡಿಯಲ್ಲಿ ನಂಬಿಕಸ್ತ ಸಾಮಂತ ಬೇಕಾಗಿದ್ದ. 4ನೇ ಶತಮಾನದ ಕೊನೆಯ ಹೊತ್ತಿಗೆ, ಹರಿವರ್ಮನ ಕಾಲದಲ್ಲಿ, ರಾಜಧಾನಿ ಕಾವೇರಿ ದಂಡೆಯ ತಲಕಾಡಿಗೆ ಹೋಯಿತು. 6ನೇ ಶತಮಾನದ ದುರ್ವಿನೀತ ಪಲ್ಲವರ ಹಂಗನ್ನು ಕಳಚಿಕೊಂಡ. ಕವಿರಾಜಮಾರ್ಗವು ಕನ್ನಡದ ಗದ್ಯಕರ್ತರಲ್ಲಿ ದುರ್ವಿನೀತನ ಹೆಸರನ್ನು ಹೇಳಿದೆ. ರಾಜಧಾನಿ ದೂರ ಸರಿದರೂ ಕೋಲಾರದ ಮರ್ಯಾದೆ ಕಡಿಮೆಯಾಗಲಿಲ್ಲ. ಕುವಳಾಲಪುರವರೇಶ್ವರ ಎಂಬ ಬಿರುದನ್ನು ಗಂಗ ಅರಸರು ಕೊನೆಯವರೆಗೂ ಹೊತ್ತರು. ಬೇರೆಡೆ ಆಳುತ್ತಿದ್ದ ಗಂಗ ವಂಶದ ಸಾಮಂತರೂ ಅದನ್ನೇ ಹೇಳಿಕೊಂಡರು.

ಗಂಗರಿಗಿಂತ ಹಳಬರು ಬಾಣರು. ತಾಳಗುಂದದ ಸ್ತಂಭಶಾಸನದ ಪ್ರಕಾರ ಮಯೂರಶರ್ಮ ಬೃಹದ್ಬಾಣರಿಂದ ಕಪ್ಪ ವಸೂಲಿ ಮಾಡಿದ. ಅಂದರೆ 4ನೇ ಶತಮಾನದಲ್ಲೇ ಅವರು ಹೆಸರುವಾಸಿಯಾದ ಅರಸರಾಗಿದ್ದರು. ಮಹಾಬಲಿ ಚಕ್ರವರ್ತಿಯ ಸಂತತಿಯೆಂದು ಹೇಳಿಕೊಂಡ ಇವರು ಮಹಾವಲಿ ಬಾಣರಸರೆನಿಸಿದರು. ನಂದಿಬೆಟ್ಟದ ಒಡೆಯರು, ಪರಿವಿಪುರದ ಅಧೀಶ್ವರರು ಎಂಬ ಬಿರುದುಗಳೂ ಇದ್ದವು. ಹಿಂದೂಪುರದ ಹತ್ತಿರದ ಪರಿಗಿಯೇ ಪರಿವಿಪುರ. ಕೋಲಾರದ ಪೂರ್ವಭಾಗದಿಂದ ಚಿತ್ತೂರು, ಉತ್ತರ ಆರ್ಕಾಟಿನವರೆಗೆ ಅವರ ಆಳ್ವಿಕೆ ಹಬ್ಬಿತ್ತು. ಕಾಲಕಾಲಕ್ಕೆ ಪಲ್ಲವರಿಗೂ ಚಾಲುಕ್ಯರಿಗೂ ರಾಷ್ಟ್ರಕೂಟರಿಗೂ ತಲೆಬಾಗಿ ಸುಮಾರು 500 ವರ್ಷ ಅವರು ಉಳಿದುಕೊಂಡರು. ಪಾಲಾರ್ ನದಿಯ ಮೇಲಿನ ಬೇತಮಂಗಲ ಶಾಸನಗಳಲ್ಲಿ ವಿಜಯಾದಿತ್ಯಮಂಗಲವೆನಿಸಿದೆ. ಆ ಹೆಸರು ಬಂದದ್ದು ಬಾಣ ಅರಸು ವಿಜಯಾದಿತ್ಯನಿಂದ. ಅಲ್ಲಿನ ದೊಡ್ಡ ಕೆರೆಯ ಏರಿ ಒಡೆದಾಗ 10ನೇ ಶತಮಾನದಲ್ಲಿ ನೊಳಂಬರ ಆಳ್ವಿಕೆಯಲ್ಲಿ ಅದನ್ನು ಮತ್ತೆ ಕಟ್ಟಲಾಯಿತು.

ಹೇಮಾವತಿಯನ್ನು ರಾಜಧಾನಿ ಮಾಡಿಕೊಂಡಿದ್ದ ನೊಳಂಬರು ಮೊದಲು ಗಂಗರ, ರಾಷ್ಟ್ರಕೂಟರ ಸಾಮಂತರು. ಅವರ ನಾಡಿಗೆ ನೊಳಂಬವಾಡಿ 32000 ಎಂದು ಹೆಸರು. 9ನೇ ಶತಮಾನದ ಕೊನೆಯಲ್ಲಿ ನೊಳಂಬ ಮಹೇಂದ್ರ ಪೂರ್ವಕ್ಕೆ ನುಗ್ಗಿ ಬಾಣರ ಮೇಲೆ ಬಿದ್ದ. ಮಹಾಬಲಿಕುಲವಿಧ್ವಂಸನ ಎಂಬ ಬಿರುದು ಮಹೇಂದ್ರನಿಗೆ ಬಂದದ್ದು ಆಗಲೇ. ಮದನಪಲ್ಲಿಯ ಬಳಿಯ ಚಿಪ್ಪಿಲಿಯಿಂದ ಆಳುತ್ತಿದ್ದ ವೈದುಂಬರು ಬಾಣರ ಪಕ್ಷ ಹಿಡಿದರು. ವೈದುಂಬ ಗಂಡತ್ರಿನೇತ್ರ ಸೋರೆಮಡಿಯ ಕಾಳಗದಲ್ಲಿ ಬಾಣರ ಪರವಾಗಿ ನೊಳಂಬ ಮತ್ತು ಗಂಗರ ವಿರುದ್ಧ ಕಾದಿದ. ಈ ಯುದ್ಧದಲ್ಲಿ ಬಿದ್ದವರ ವೀರಗಲ್ಲುಗಳು ಕನ್ನಡ, ತೆಲುಗು ಎರಡೂ ಸೀಮೆಗಳಲ್ಲಿ ಸಿಕ್ಕಿವೆ. ಕೋಲಾರ ಜಿಲ್ಲೆಯ ಊರ ಹೊರಗೂ ಕೆರೆಯ ಏರಿಯ ಮೇಲೂ ನಿಂತಿರುವ ವೀರಗಲ್ಲುಗಳಲ್ಲಿ ಬಹಳಷ್ಟು ಈ ಕಾಲದವೇ. ಅವೆಲ್ಲ ಅರಸರ ಯುದ್ಧದವಲ್ಲ. ದನ ಹಿಡಿಯಲು ಬಂದವರನ್ನು ಅಟ್ಟಿದಾಗ, ಊರಿಗೆ ದಾಳಿ ಬಂದಾಗ, ಹೆಂಗಸರ ಮಾನಕ್ಕೆ ಕೈಯಿಟ್ಟಾಗ ಹೋರಾಡಿ ಸತ್ತವರ ನೆನಪಿಗೂ ಕಲ್ಲು ನಿಂತಿವೆ. ಸತ್ತವನ ಮನೆಯವರಿಗೆ ಬಾಳ್ಗಳ್ಚು ಅಥವಾ ಕಲ್ನಾಡು ಎಂಬ ಹೆಸರಿನಲ್ಲಿ ಜಮೀನು ಬಿಟ್ಟುಕೊಡುವ ವಾಡಿಕೆಯಿತ್ತು.

ನೊಳಂಬರ ಕಾಲದ ದೊಡ್ಡ ಗುರುತು ಆವಣಿ. ಬೆಟ್ಟದ ಬುಡದ ರಾಮಲಿಂಗೇಶ್ವರ ಗುಡಿಗಳ ಆವರಣದಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಈಶ್ವರ ದೇವಾಲಯಗಳಿವೆ. ನೊಳಂಬ ರಾಣಿ ದೀವಬ್ಬರಸಿ ಇಲ್ಲಿ ನೊಳಂಬನಾರಾಯಣೇಶ್ವರ ದೇವಾಲಯ ಕಟ್ಟಿಸಿದಳು. ಇಲ್ಲಿನ ಮಠದ ಯತಿ ತ್ರಿಭುವನಕರ್ತಾರ 40 ವರ್ಷ ಸ್ಥಾನಪತಿಯಾಗಿದ್ದು 50 ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದನೆಂದು 10ನೇ ಶತಮಾನದ ಶಾಸನ ತಿಳಿಸುತ್ತದೆ. ಅರಸರು ಗಡಿಗಾಗಿ ಬಡಿದಾಡುತ್ತಿದ್ದಾಗಲೂ ಇಂಥ ಕೆಲಸಗಳು ನಿಲ್ಲಲಿಲ್ಲ.

ಬಾಣರ ಅರಸೊತ್ತಿಗೆಯನ್ನು ಮುಗಿಸಿದವನು ಚೋಳ ಒಂದನೆಯ ಪರಾಂತಕ. 10ನೇ ಶತಮಾನದ ಆರಂಭದಲ್ಲಿ ಅವನು ಇಬ್ಬರು ಬಾಣ ಅರಸರನ್ನು ಕಿತ್ತೊಗೆದು ಅವರ ನಾಡನ್ನು ಗಂಗ ವಂಶದ ಇಮ್ಮಡಿ ಪೃಥ್ವೀಪತಿಗೆ ಬಾಣಾಧಿರಾಜ ಎಂಬ ಪದವಿಯೊಂದಿಗೆ ಕೊಟ್ಟ. ನೊಳಂಬರ ಬಲ ಮುರಿದವನು ಗಂಗ ಮಾರಸಿಂಹ. ಕ್ರಿ.ಶ. 963ರಿಂದ ಆಳಿದ ಮಾರಸಿಂಹನಿಗೆ ನೊಳಂಬಕುಲಾಂತಕ ಎಂಬ ಬಿರುದು ಇದೆ. ಗೆದ್ದ ಗಂಗರೂ ಹೆಚ್ಚು ಕಾಲ ಬಾಳಲಿಲ್ಲ. 1004ರ ಸುಮಾರಿಗೆ ರಾಜರಾಜ ಚೋಳನ ಸೇನೆ ತಲಕಾಡನ್ನು ಹಿಡಿಯಿತು. ಕೋಲಾರ ಭಾಗ ನಿಗರಿಲಿಚೋಳ ಮಂಡಲವೆಂಬ ಪ್ರಾಂತಕ್ಕೆ ಸೇರಿತು. ಕೋಲಾರದ ಕೋಲಾರಮ್ಮ ಗುಡಿಯ ತಮಿಳು ಶಾಸನಗಳು ಈ ಕಾಲದವು. ಇಟ್ಟಿಗೆಯ ಗುಡಿಯನ್ನು ರಾಜೇಂದ್ರ ಚೋಳನ ಆಳ್ವಿಕೆಯಲ್ಲಿ ಕಲ್ಲಿನಲ್ಲಿ ಕಟ್ಟಲಾಯಿತು. ಕುಲೋತ್ತುಂಗ ಚೋಳನ ಆಳ್ವಿಕೆಯ ಮೊದಲ ವರ್ಷಗಳ ಶಾಸನವೊಂದು ಗುಡಿಯ ಪೂಜೆ, ಖರ್ಚುವೆಚ್ಚ, ನೌಕರರ ಪಾಲುಗಳನ್ನು ಬಿಡಿಬಿಡಿಯಾಗಿ ಲೆಕ್ಕವಿಟ್ಟಿದೆ.

ಇಷ್ಟು ಬಾರಿ ಅರಸುಮನೆ ಬದಲಾದರೂ ಬದಲಾಗದೆ ಉಳಿದದ್ದು ನಾಡು ಮತ್ತು ಊರಿನ ವ್ಯವಸ್ಥೆ. ಗಂಗರ ರಾಜ್ಯ ಗಂಗವಾಡಿ 96000. ಅದರೊಳಗೆ ಕೋಲಾರದ ಸುತ್ತಲಿನ ಭಾಗಕ್ಕೆ ಗಂಗರುಸಾಸಿರ ಎಂದು ಹೆಸರು. ಈ ಅಂಕಿಗಳು ಊರುಗಳ ಎಣಿಕೆಯೋ ಕಂದಾಯದ ಲೆಕ್ಕವೋ ಎಂಬುದರಲ್ಲಿ ವಿದ್ವಾಂಸರ ನಡುವೆ ಒಮ್ಮತವಿಲ್ಲ. ಊರಿಗೆ ಗಾವುಂಡ, ನಾಡಿಗೆ ನಾಳ್ಗಾವುಂಡ, ಬ್ರಾಹ್ಮಣರ ಅಗ್ರಹಾರಕ್ಕೆ ಮಹಾಜನರು. ಕಂದಾಯ ಎತ್ತುವುದು, ಎಲ್ಲೆಯ ವ್ಯಾಜ್ಯ ತೀರಿಸುವುದು, ದಾಳಿ ಬಂದರೆ ಆಳು ಕೂಡಿಸುವುದು ಇವರ ಕೆಲಸ. ಕೆರೆಯ ದುರಸ್ತಿಗೆ ಬಿತ್ತುವಟ್ಟವೆಂಬ ಹೆಸರಿನಲ್ಲಿ ಗದ್ದೆಯನ್ನೋ ಬೆಳೆಯ ಪಾಲನ್ನೋ ಬಿಟ್ಟಿರುತ್ತಿದ್ದರು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಕೋಲಾರ ಸೀಮೆಯಲ್ಲಿ ಊರು ಉಳಿಯುವುದು ಕೆರೆಯಿಂದ. ಏರಿ ಗಟ್ಟಿಯಿರಬೇಕು, ತೂಬು ಹೊತ್ತಿಗೆ ಸರಿಯಾಗಿ ತೆರೆಯಬೇಕು. ಅದಕ್ಕೆ ಊರವರ ಒಪ್ಪಂದ ಬೇಕೇಬೇಕು, ಆಳುವವನು ಬಾಣನಾದರೂ ನೊಳಂಬನಾದರೂ ಸರಿಯೆ.

ಅರಸರಿಗೂ ಈ ಜನರ ಒಪ್ಪಿಗೆ ಬೇಕಿತ್ತು. ಗಂಗರ ತಾಮ್ರಪಟಗಳಲ್ಲಿ ದಾನಕ್ಕೆ ಸಾಕ್ಷಿಗಳಾಗಿ 96000 ವಿಷಯದ, ಅಂದರೆ ನಾಡಿನ, ಪ್ರಜೆಗಳನ್ನು ಹೆಸರಿಸುವ ಪದ್ಧತಿ ಕಾಣುತ್ತದೆ. ಇದು ಬರೀ ಔಪಚಾರಿಕ ಮಾತೆಂದರೂ, ಜಮೀನು ಕೈಬದಲಾಗುವಾಗ ನಾಡಿಗೆ ಗೊತ್ತಿರಬೇಕೆಂಬ ತಿಳಿವಳಿಕೆ ಅದರ ಹಿಂದಿದೆ. ಚೋಳರ ಕಾಲದಲ್ಲಿ ಇದೇ ವ್ಯವಸ್ಥೆ ಊರ್, ಸಭೆ, ನಾಟ್ಟಾರ್ ಎಂಬ ತಮಿಳು ಹೆಸರುಗಳಲ್ಲಿ ದಾಖಲಾಯಿತು. ಬಾಣರನ್ನು ಕಿತ್ತೊಗೆದ ಪರಾಂತಕನ ಆಳ್ವಿಕೆಯಲ್ಲೇ ಕಂಚಿಯ ಸೀಮೆಯ ಉತ್ತರಮೇರೂರಿನಲ್ಲಿ ಸಭೆಯ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ನಿಯಮಗಳನ್ನು 919 ಮತ್ತು 921ರಲ್ಲಿ ಕಲ್ಲಿನಲ್ಲಿ ಕೆತ್ತಿಸಲಾಯಿತು. ಹೆಸರು ಬರೆದ ಓಲೆಗಳನ್ನು ಕೊಡದೊಳಗೆ ಹಾಕಿ ಒಂದೊಂದಾಗಿ ಎತ್ತುವುದು ಅಲ್ಲಿನ ಕ್ರಮ. ಜಮೀನು, ಸ್ವಂತ ಮನೆ, ವಯಸ್ಸು, ವೇದಜ್ಞಾನ ಇವು ಅರ್ಹತೆ. ಹಿಂದೆ ಅಧಿಕಾರದಲ್ಲಿದ್ದು ಲೆಕ್ಕ ಒಪ್ಪಿಸದವನಿಗೂ ಅವನ ನೆಂಟರಿಗೂ ಅವಕಾಶವಿರಲಿಲ್ಲ.

ಇವನ್ನು ನೋಡಿ ಪ್ರಾಚೀನ ದಕ್ಷಿಣದಲ್ಲೂ ಗಣರಾಜ್ಯಗಳಿದ್ದವು ಎನ್ನುವುದು ಸರಿಯಲ್ಲ. ವಜ್ಜಿಯ ಸಭೆಗೆ ಮೇಲೊಬ್ಬ ದೊರೆ ಇರಲಿಲ್ಲ. ಯುದ್ಧ, ಸಂಧಿಗಳ ತೀರ್ಮಾನವೂ ಅದರದೇ ಆಗಿತ್ತು. ಕೋಲಾರದ ನಾಡಿಗಾಗಲಿ ಉತ್ತರಮೇರೂರಿನ ಸಭೆಗಾಗಲಿ ಆ ಹಕ್ಕು ಇರಲಿಲ್ಲ. ಅವು ಅರಸನ ಕೆಳಗೆ, ಅರಸನ ಕಂದಾಯಕ್ಕೆ ಜವಾಬುದಾರಿ ಹೊತ್ತು ನಡೆದ ಸಭೆಗಳು. ಎರಡಕ್ಕೂ ಸಮಾನವಾದ ಒಂದು ಕೊರತೆ ಇದೆ. ವೈಶಾಲಿಯಲ್ಲಿ ಕ್ಷತ್ರಿಯ ಕುಲದ ಹಿರಿಯರಿಗೆ, ಇಲ್ಲಿ ಜಮೀನಿದ್ದ ಗಾವುಂಡರಿಗೆ, ಅಗ್ರಹಾರದ ಮಹಾಜನರಿಗೆ ಮಾತ್ರ ಮಾತಾಡುವ ಅಧಿಕಾರ. ಹೆಂಗಸರು, ಒಕ್ಕಲಾಳುಗಳು, ಊರಾಚೆ ಬದುಕಿದವರು ಎರಡು ಕಡೆಯೂ ಹೊರಗೇ ಉಳಿದರು. ಬಾಳಿಕೆಯಲ್ಲಿ ಮಾತ್ರ ವ್ಯತ್ಯಾಸವಿದೆ. ಸಾರ್ವಭೌಮವಾಗಿದ್ದ ಗಣಗಳನ್ನು ಸಾಮ್ರಾಜ್ಯಗಳು ನುಂಗಿದವು. ಅರಸನಿಗೆ ಎದುರಾಗದ ನಾಡು, ಊರುಗಳನ್ನು ಗೆದ್ದು ಬಂದ ಪ್ರತಿಯೊಬ್ಬ ಅರಸನೂ ಹಾಗೆಯೇ ಉಳಿಸಿಕೊಂಡ. ಅವಿಲ್ಲದೆ ಕಂದಾಯ ಹುಟ್ಟುತ್ತಿರಲಿಲ್ಲ.

12ನೇ ಶತಮಾನದ ಮೊದಲ ಭಾಗದಲ್ಲಿ ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಗಂಗವಾಡಿಯಿಂದ ಹಿಮ್ಮೆಟ್ಟಿಸಿದ. ಹೊಯ್ಸಳ ಶಾಸನಗಳು ಆ ರಾಜ್ಯದ ಮೂಡಣ ಗಡಿಯೆಂದು ಹೇಳುವುದು ಮುಳಬಾಗಿಲು ತಾಲ್ಲೂಕಿನ ನಂಗಲಿಯ ಘಟ್ಟವನ್ನು. ಈ ಎಲ್ಲ ಮನೆತನಗಳ ಶಾಸನಗಳನ್ನು ಬಿ.ಎಲ್. ರೈಸ್ ಊರೂರಿನಿಂದ ಸಂಗ್ರಹಿಸಿ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟವಾಗಿ ಪ್ರಕಟಿಸಿದರು. ಕೋಲಾರ ಸೀಮೆಯ ಬಾಣರು, ವೈದುಂಬರು, ನೊಳಂಬರ ಬಗ್ಗೆ ಇಂದು ತಿಳಿದಿರುವುದರ ಬಹುಪಾಲಿಗೆ ಆ ಸಂಪುಟವೇ ಆಧಾರ.