ಗಾಳಿಯ ಸಿಳ್ಳೆ

ಬೀಸುವ ಗಾಳಿ ತಂತಿಯನ್ನೋ ಕಿಂಡಿಯನ್ನೋ ಟೊಳ್ಳು ಕೊಳವೆಯ ಬಾಯನ್ನೋ ಹಾದುಹೋಗುವಾಗ ಏಳುವ, ಸ್ಥಾಯಿ ಗುರುತಿಸಬಹುದಾದ ಧ್ವನಿ. ಒಂದೇ ಸಮನೆ ಹರಿಯುವ ಗಾಳಿಗೆ ಸದ್ದಿಲ್ಲ. ಅದರ ಒತ್ತಡ ಸೆಕೆಂಡಿಗೆ ನೂರಾರು ಸಲ ತಾಳ ತಪ್ಪದೆ ಏರಿಳಿದರೆ ಮಾತ್ರ ಸಿಳ್ಳೆ. ಆ ತಾಳ ಹಾಕುವುದು ಸುಳಿಗಳು.

ತಂತಿಗೆ ಅಡ್ಡಲಾಗಿ ಬೀಸಿದ ಗಾಳಿ ಅದರ ಬೆನ್ನ ಹಿಂದೆ ನೆಟ್ಟಗೆ ಕೂಡಿಕೊಳ್ಳಲಾರದೆ ಒಮ್ಮೆ ಈ ಬದಿಯಿಂದ, ಒಮ್ಮೆ ಆ ಬದಿಯಿಂದ ಸುಳಿಯಾಗಿ ಕಳಚಿಕೊಳ್ಳುತ್ತದೆ. ಸೇತುವೆಯ ಕಂಬದ ಹಿಂದೆ ಹೊಳೆನೀರು ಸುತ್ತುವುದನ್ನು ಕಂಡವರಿಗೆ ಇದು ಹೊಸತಲ್ಲ. ಪ್ರತಿ ಸುಳಿಗೂ ಒತ್ತಡ ಬದಿ ಬದಲಿಸುತ್ತದೆ. ಆ ಅಲುಗಾಟವೇ ಧ್ವನಿ. ಚೆಕ್ ಭೌತವಿಜ್ಞಾನಿ ಸ್ಟ್ರೌಹಾಲ್ 1878ರಲ್ಲಿ ಇದನ್ನು ಅಳೆದು ಸರಳ ನಿಯಮವೊಂದನ್ನು ಕಂಡ: ಗಾಳಿಯ ವೇಗವನ್ನು ತಂತಿಯ ದಪ್ಪದಿಂದ ಭಾಗಿಸಿ, ಬಂದದ್ದರಲ್ಲಿ ಸುಮಾರು ಐದನೆಯ ಒಂದು ಪಾಲು ತೆಗೆದುಕೊಂಡರೆ ಆವೃತ್ತಿ ಸಿಗುತ್ತದೆ. ಸೆಕೆಂಡಿಗೆ 10 ಮೀಟರ್ ಬೀಸುವ ಗಾಳಿ, 2 ಮಿ.ಮೀ. ತಂತಿ, ಆವೃತ್ತಿ 1,000 ಹರ್ಟ್ಸ್. ತಂತಿಯ ಉದ್ದ, ಬಿಗಿ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ವೀಣೆಯಂತೆ ತಂತಿಯೇ ಮಿಡಿಯುತ್ತದೆಂಬ ಊಹೆ ಅರ್ಧ ಮಾತ್ರ ನಿಜ: ತಂತಿ ಕದಲದಿದ್ದರೂ ಗಾಳಿ ಹಾಡುತ್ತದೆ, ಸುಳಿಯ ಲಯ ತಂತಿಯ ಸಹಜ ಕಂಪನಕ್ಕೆ ಹೊಂದಿದಾಗ ತಂತಿಯೂ ದನಿಗೂಡಿಸುತ್ತದೆ. ಕರಾವಳಿಯ ಗಾಳಿಮರದ ತೋಪು ಸುಯ್ಯೆನ್ನುವುದು ಅದರ ಸಾವಿರಾರು ಸಪೂರ ಕಡ್ಡಿಗಳ ಹಿಂದಿನ ಸುಳಿಗಳಿಂದ. ಕಡ್ಡಿಯ ದಪ್ಪವೂ ಗಾಳಿಯ ವೇಗವೂ ಒಂದೇ ತೆರನಲ್ಲವಾದ್ದರಿಂದ ಅಲ್ಲಿ ಒಂಟಿ ಸ್ವರ ಹೊರಡದು.

ಟೊಳ್ಳಿದ್ದಾಗ ಕಥೆ ಬೇರೆ. ಗಾಳಿಗೆ ತಾನಾಗಿ ಉಲಿಯುವ ಬಿದಿರಿಗೆ ಸಂಸ್ಕೃತದಲ್ಲಿ ‘ಕೀಚಕ’ ಎಂದೇ ಹೆಸರು. ಅಮರಕೋಶ ಅದನ್ನು ದಾಖಲಿಸಿದೆ. ಬಿದಿರಿನ ತೂತಿನ ಅಂಚಿಗೆ ಬಡಿದ ಗಾಳಿ ಒಳಗೂ ಹೊರಗೂ ಓಲಾಡುತ್ತದೆ. ಒಳಗಿನ ಗಾಳಿ ತನ್ನ ಸಹಜ ಲಯದಲ್ಲಿ ಕಂಪಿಸಿ ಆ ಓಲಾಟವನ್ನೇ ತನ್ನ ಹಿಡಿತಕ್ಕೆ ತಂದುಕೊಳ್ಳುತ್ತದೆ. ಕೊಳಲೂ ಹೀಗೆಯೇ. ಸೀಸೆಯ ಬಾಯಿಗೆ ಊದಿ ನೋಡಿ: ನೀರು ತುಂಬಿದಷ್ಟೂ ಒಳಗಿನ ಗಾಳಿ ಕಡಿಮೆಯಾಗಿ ಸ್ವರ ಏರುತ್ತದೆ. ಬಾಯಲ್ಲಿ ಸಿಳ್ಳೆ ಹೊಡೆಯುವವರು ನಾಲಿಗೆ ಸರಿಸಿ ಮಾಡುವುದೂ ಇದನ್ನೇ, ಬಾಯ ಟೊಳ್ಳನ್ನು ಹಿಗ್ಗಿಸಿ ಕುಗ್ಗಿಸುವುದು.

ಗಾಳಿಯಂತೆ ಹಬೆಯೂ ಸಿಳ್ಳೆ ಹಾಕುತ್ತದೆ. ನೀರು ಕುದಿದಾಗ ಕೂಗುವ ಕೆಟಲಿನ ಮೂತಿಯಲ್ಲಿ ನಡುವೆ ತೂತಿರುವ ಎರಡು ತಗಡುಗಳಿರುತ್ತವೆ. ಮೊದಲನೆಯದನ್ನು ದಾಟಿದ ಹಬೆಯ ಧಾರೆ ಎರಡನೆಯದಕ್ಕೆ ತಾಗಿ ಸುಳಿಗಳಾಗುತ್ತದೆ ಎಂಬುದನ್ನು ಕೇಂಬ್ರಿಜ್‌ನ ಹೆನ್ರಿವುಡ್ ಮತ್ತು ಅಗರ್ವಾಲ್ 2013ರಲ್ಲಷ್ಟೇ ವಿವರವಾಗಿ ತೋರಿಸಿದರು. ನಮ್ಮ ಪ್ರೆಷರ್ ಕುಕ್ಕರಿನ ವೇಟ್ ಏಳುವಾಗಿನ ಸದ್ದು ಬಹುಪಾಲು ಅಂಕೆಯಿಲ್ಲದ ಹಬೆಯ ಬುಸುಗುಟ್ಟುವಿಕೆ. ಅದರಲ್ಲಿ ಸ್ಪಷ್ಟ ಸ್ವರ ಹುಡುಕುವುದು ಕಷ್ಟ. ಅಡುಗೆಮನೆಯವರು ಅದನ್ನು ‘ಮೂರು ಕೂಗು’ ಎಂದು ಎಣಿಸುವುದೇ ಸರಿ.