ಪದ ಪರಿಚಯ: ನವದುರ್ಗ

ನವರಾತ್ರಿಯ ಒಂಬತ್ತು ದೇವಿಯರಿಗೆ ನವದುರ್ಗೆಯರೆಂಬ ಹೆಸರು ಹಳೆಯದು. ಬೆಂಗಳೂರಿನ ಚಾರಣಿಗರ ಬಾಯಲ್ಲಿ ‘ನವದುರ್ಗ’ ಎಂದರೆ ಒಂಬತ್ತು ಕೋಟೆಬೆಟ್ಟಗಳು: ಸಾವನದುರ್ಗ, ನಂದಿದುರ್ಗ, ಮಾಕಳಿದುರ್ಗ, ದೇವರಾಯನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ, ಕಬ್ಬಾಳದುರ್ಗ, ಭೈರವದುರ್ಗ, ಜೊತೆಗೆ ನಮ್ಮ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ. ಒಂಬತ್ತನ್ನೂ ಹತ್ತಿ ಮುಗಿಸುವುದು ಅವರ ಪಣ.

‘ದುರ್ಗ’ ಸಂಸ್ಕೃತದಿಂದ ಬಂದ ಮಾತು. ‘ದುರ್’ ಎಂದರೆ ಕಷ್ಟ, ‘ಗ’ ಎಂದರೆ ಹೋಗುವುದು. ಸುಲಭಕ್ಕೆ ಹೋಗಲಾಗದ ಜಾಗವೇ ಕೋಟೆಯಾಯಿತು. ಆದರೂ 1791ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗವನ್ನೂ ಸಾವನದುರ್ಗವನ್ನೂ ಹತ್ತಿ ಗೆದ್ದಿತು.

ಪಟ್ಟಿ ಹಿಡಿದು ಬೆಟ್ಟ ಹತ್ತುವ ಹಂಬಲ ಬೇರೆಡೆಯೂ ಇದೆ. ಸ್ಕಾಟ್ಲೆಂಡಿನ 3,000 ಅಡಿ ಮೀರಿದ ಶಿಖರಗಳನ್ನು ಹ್ಯೂ ಮನ್ರೋ 1891ರಲ್ಲಿ ಪಟ್ಟಿಮಾಡಿದ. ಅವಕ್ಕೆ ಅವನದೇ ಹೆಸರು ನಿಂತಿತು. 1932ರಲ್ಲಿ ಬಾಬ್ ಗ್ರಹಾಂ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ 24 ಗಂಟೆಯೊಳಗೆ 42 ಶಿಖರಗಳನ್ನು ಸುತ್ತಿಬಂದ. ಇಂದಿಗೂ ಓಟಗಾರರು ಆ ಸುತ್ತನ್ನು ಬೆನ್ನಟ್ಟುತ್ತಾರೆ.

ಇಲ್ಲಿಯವರಿಗೆ ಚನ್ನರಾಯನದುರ್ಗ ಪಟ್ಟಿಯ ಬೆಟ್ಟವಲ್ಲ, ಹೋಬಳಿ. ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ‘ಸಿ.ಎನ್. ದುರ್ಗ’. ಪಕ್ಕದ ಮಧುಗಿರಿ, ಮಿಡಿಗೇಶಿ, ಪಾವಗಡಗಳೂ ಅಪ್ಪಟ ಕೋಟೆಬೆಟ್ಟಗಳೇ. ಹೆಸರಿನ ತುದಿಯಲ್ಲಿ ‘ದುರ್ಗ’ ಇಲ್ಲದ ಅವು ಒಂಬತ್ತರ ಹೊರಗೇ ಉಳಿದಿವೆ. ಒಂಬತ್ತು ಮುಗಿಸಿದವರು ಈ ಮೂರನ್ನೂ ಹತ್ತಲೇಬೇಕು.