ಮುಂಬಯಿಯ ಹೌಸಿಂಗ್ ಸೊಸೈಟಿ ಮತ್ತು ನಾಮನಿರ್ದೇಶನ

ಮುಂಬಯಿಯಲ್ಲಿ ‘ಸೊಸೈಟಿ’ ಎಂದು ರೂಢಿಯಲ್ಲಿರುವುದು ಸಹಕಾರಿ ಗೃಹಸಂಘ. ಈ ನಗರದಲ್ಲಿ ಅದಕ್ಕೆ ನಾಂದಿ ಹಾಡಿದವರಲ್ಲಿ ಕನ್ನಡ ಕರಾವಳಿ ಮೂಲದವರೂ ಇದ್ದರೆಂಬುದು ಹೆಮ್ಮೆಯ ಸಂಗತಿ. ಶಿರಾಲಿಯ ಚಿತ್ರಾಪುರ ಮಠದ ಅನುಯಾಯಿಗಳಾದ ಸಾರಸ್ವತ ಸಮಾಜದವರು, ರಾವ್ ಬಹಾದ್ದೂರ್ ಎಸ್. ಎಸ್. ತಲ್ಮಕಿಯವರ ಮುಂದಾಳುತನದಲ್ಲಿ, 1915ರಲ್ಲಿ ಗಾಮದೇವಿಯಲ್ಲಿ ತಮ್ಮ ಸಹಕಾರಿ ಗೃಹಸಂಘವನ್ನು ಸ್ಥಾಪಿಸಿದರು.

ಇಂದು ಈ ಸಂಘಗಳು 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆಯನ್ವಯ ನಡೆಯುತ್ತವೆ. ಸದಸ್ಯರು ಆರಿಸಿದ ಆಡಳಿತ ಸಮಿತಿಯು ನೀರು, ಲಿಫ್ಟು, ಕಾವಲು, ದುರಸ್ತಿ ಇವುಗಳ ಹೊಣೆ ಹೊರುತ್ತದೆ. ವೆಚ್ಚವನ್ನು ಸದಸ್ಯರಿಂದ ಮೇಂಟೆನೆನ್ಸ್ ರೂಪದಲ್ಲಿ ವಸೂಲು ಮಾಡಿ, ಲೆಕ್ಕಪತ್ರವನ್ನು ವಾರ್ಷಿಕ ಮಹಾಸಭೆಯ ಮುಂದಿಡುತ್ತದೆ. ಷೇರು ಪ್ರಮಾಣಪತ್ರವು ಸದಸ್ಯತ್ವದ ಕುರುಹು.

ಸದಸ್ಯರು ತಮ್ಮ ನಂತರಕ್ಕಾಗಿ ಒಬ್ಬರನ್ನು ಅಥವಾ ಹಲವರನ್ನು ನಾಮನಿರ್ದೇಶನ ಮಾಡಬಹುದು. ಆದರೆ ನಾಮನಿರ್ದೇಶಿತರೇ ಫ್ಲ್ಯಾಟಿನ ಒಡೆಯರೆಂಬ ತಿಳುವಳಿಕೆ ಸರಿಯಲ್ಲ. ಕಾಯಿದೆಗೆ 2019ರಲ್ಲಿ ಬಂದ ತಿದ್ದುಪಡಿಯಂತೆ ಅವರು ತಾತ್ಕಾಲಿಕ ಸದಸ್ಯರು ಮಾತ್ರ. ಹಕ್ಕುದಾರರು ಸದಸ್ಯರಾಗಿ ಸೇರುವವರೆಗೆ ಅವರ ಸ್ಥಾನ. ಒಡೆತನವನ್ನು ನಿರ್ಧರಿಸುವುದು ಉಯಿಲು. ಅದಿಲ್ಲದಿದ್ದರೆ ಉತ್ತರಾಧಿಕಾರ ಕಾನೂನು.

ಮಗ ಮುಂಬಯಿಯಲ್ಲಿ, ಮಗಳು ಮೈಸೂರಿನಲ್ಲಿ ನೆಲೆಸಿರುವ ಸಂಸಾರಗಳಲ್ಲಿ, ತಂದೆ ಮಗನೊಬ್ಬನ ಹೆಸರನ್ನೇ ಸೂಚಿಸಿದ್ದರೂ ಮಗಳ ಪಾಲು ಅಳಿಯುವುದಿಲ್ಲ. ಇದನ್ನರಿಯದೆ ಒಡಹುಟ್ಟಿದವರು ನ್ಯಾಯಾಲಯದ ಮೆಟ್ಟಿಲೇರುವಂತಾಗಬಾರದು. ಆದುದರಿಂದ ನಾಮನಿರ್ದೇಶನದ ಜೊತೆಗೆ ಇಬ್ಬರು ಸಾಕ್ಷಿಗಳ ಸಹಿಯುಳ್ಳ ಉಯಿಲನ್ನೂ ಬರೆದಿಡುವುದು ಶ್ರೇಯಸ್ಕರ. ಉಯಿಲಿನ ನೋಂದಣಿ ಕಡ್ಡಾಯವಲ್ಲವಾದರೂ ಮಾಡಿಸುವುದು ಲೇಸು. ನಾಮನಿರ್ದೇಶನವು ಸಂಘದ ದಾಖಲೆಯಲ್ಲಿ ಸೇರಿದೆಯೇ ಎಂಬುದನ್ನು ಕಾರ್ಯದರ್ಶಿಯವರಿಂದ ಲಿಖಿತವಾಗಿ ಪಡೆದು, ಷೇರು ಪ್ರಮಾಣಪತ್ರದೊಡನೆ ಜೋಪಾನವಾಗಿರಿಸಬೇಕು.